ಗಂಡೋ ಹೆಣ್ಣೋ: ಜಿಂಕೆಯ ಹೆಜ್ಜೆ ನೋಡಿ ಎಷ್ಟು ಹೇಳಬಹುದು?

ಗೊರಸಿನ ಗುರುತಿನ ಹಿಂದೆ ಎರಡು ಚುಕ್ಕೆ ಮೂಡಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಜಿಂಕೆಯ ಹೆಜ್ಜೆಯ ಬಗ್ಗೆ ಎಲ್ಲರ ಬಾಯಲ್ಲೂ ಇರುವ ಸೂತ್ರ ಇದು, ಮತ್ತು ಇದು ತಪ್ಪು. ಫೋಟೊ ನೋಡಿ ಪ್ರಾಣಿಯನ್ನು ಗುರುತಿಸುವ ಆ್ಯಪ್‌ಗಳು, ಎರಡು ನಿಮಿಷದ ವಿಡಿಯೊಗಳು ಬಂದ ಮೇಲಂತೂ ಇಂಥ ಸೂತ್ರಗಳಿಗೆ ಕಾಲು ಬಂದಿದೆ. ಹವ್ಯಾಸಕ್ಕೆ ಕಾಡು ಸುತ್ತುವವರು ತಪ್ಪು ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಒಂದು ಕಾಡಿನಲ್ಲಿ ಹೆಣ್ಣಿಗೆ ಎಷ್ಟು ಗಂಡುಗಳಿವೆ ಎಂಬ ಲೆಕ್ಕಕ್ಕೆ ಹೆಜ್ಜೆಯನ್ನು ಆಧಾರ ಮಾಡಿಕೊಂಡಾಗ, ಅಥವಾ ಬೇಟೆಗೆ ಕಾನೂನಿನ ಅನುಮತಿ ಇರುವ ದೇಶದಲ್ಲಿ ಕೊಂಬಿನ ಗಂಡಿಗೆ ಮಾತ್ರ ಪರವಾನಗಿ ಪಡೆದವನು ಜಾಡು ನಂಬಿ ಹೊರಟಾಗ, ಇದೇ ತಪ್ಪು ದುಬಾರಿಯಾಗುತ್ತದೆ.

ಹಾಗೆಂದು ಹೆಜ್ಜೆ ಏನನ್ನೂ ಹೇಳುವುದಿಲ್ಲ ಎಂದಲ್ಲ. ಒಂಟಿ ಹೆಜ್ಜೆಯಲ್ಲಿ ಕಾಣದ್ದು ಇಪ್ಪತ್ತು ಹೆಜ್ಜೆಗಳ ಜಾಡಿನಲ್ಲಿ ಕಾಣುತ್ತದೆ. ಜಾಡಿನಲ್ಲೂ ಕಾಣದ್ದು ಅದರ ಪಕ್ಕದಲ್ಲಿ ಬಿದ್ದ ಉಚ್ಚೆಯಲ್ಲಿ, ಸುಲಿದ ತೊಗಟೆಯಲ್ಲಿ, ಜೊತೆಗೆ ನಡೆದ ಮರಿಯ ಹೆಜ್ಜೆಯಲ್ಲಿ ಸಿಗಬಹುದು. ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದೇ ಇಲ್ಲಿನ ವಿದ್ಯೆ.

ಆ ಎರಡು ಚುಕ್ಕೆಗಳ ಕಥೆ

ಜಿಂಕೆ ನಡೆಯುವುದು ಬೆರಳ ತುದಿಯ ಮೇಲೆ. ನಮ್ಮ ಕೈಯ ಲೆಕ್ಕದಲ್ಲಿ ಹೇಳುವುದಾದರೆ ಮಧ್ಯದ ಬೆರಳು ಮತ್ತು ಉಂಗುರದ ಬೆರಳು ಸೇರಿ ಸೀಳು ಗೊರಸಾಗಿವೆ. ಹೆಬ್ಬೆರಳು ಇಲ್ಲವೇ ಇಲ್ಲ. ಉಳಿದೆರಡು ಬೆರಳುಗಳು ಕುಗ್ಗಿ, ಗೊರಸಿನ ಹಿಂದೆ ತುಸು ಮೇಲಕ್ಕೆ ಎರಡು ಪುಟ್ಟ ಹಿಂಗೊರಸುಗಳಾಗಿ ನಿಂತಿವೆ. ಇವು ಗಂಡಿಗೂ ಇವೆ, ಹೆಣ್ಣಿಗೂ ಇವೆ, ಹುಟ್ಟಿದ ಮರಿಗೂ ಇವೆ. ನೆಲ ಗಟ್ಟಿಯಾಗಿದ್ದರೆ ನೆಲಕ್ಕೆ ತಾಗುವುದಿಲ್ಲ. ಕೆಸರು, ಹಿಮ, ಸಡಿಲ ಮರಳಿನಲ್ಲಿ ಕಾಲು ಹೂತಾಗ, ಓಡುವಾಗ, ಇಳಿಜಾರಿನಲ್ಲಿ ತಡೆದು ಇಳಿಯುವಾಗ ತಾಗುತ್ತವೆ. ಹಿಮಸಾರಂಗದ ಹಿಂಗೊರಸುಗಳು ಕೆಳಗೇ ಇರುವುದರಿಂದ ಸಾಧಾರಣ ನಡಿಗೆಯಲ್ಲೂ ಮೂಡುತ್ತವೆ. ಅಲ್ಲಿ ಈ ಸೂತ್ರ ಹಿಡಿದರೆ ಇಡೀ ಹಿಂಡೇ ಗಂಡಾಗಿಬಿಡುತ್ತದೆ.

ತೂಕದ ಗಂಡಿನ ಕಾಲು ಹೆಚ್ಚು ಹೂಳುತ್ತದೆ, ಹಾಗಾಗಿ ಅದರ ಹಿಂಗೊರಸು ಹೆಚ್ಚು ಬಾರಿ ಮೂಡುತ್ತದೆ. ಸೂತ್ರದಲ್ಲಿರುವ ಸತ್ಯ ಅಷ್ಟೇ. ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ವೇಗದಲ್ಲಿ ನಡೆದ ಎರಡು ಪ್ರಾಣಿಗಳನ್ನು ಹೋಲಿಸಿದಾಗ ಮಾತ್ರ ಅದಕ್ಕೆ ಅರ್ಥವಿದೆ. ನಿನ್ನೆಯ ಒದ್ದೆ ಮಣ್ಣಿನ ಹೆಜ್ಜೆಯನ್ನು ಇಂದಿನ ಒಣ ಮಣ್ಣಿನ ಹೆಜ್ಜೆಗೆ ಹೋಲಿಸಿದರೆ ನೀವು ಅಳೆಯುತ್ತಿರುವುದು ಮಣ್ಣನ್ನು, ಜಿಂಕೆಯನ್ನಲ್ಲ.

ಗೊರಸಿನ ಎರಡು ಹೋಳುಗಳು ಅಗಲಕ್ಕೆ ಬಿರಿದುಕೊಂಡಿರುವುದನ್ನೂ ಗಂಡಿನ ಲಕ್ಷಣ ಎನ್ನುವವರಿದ್ದಾರೆ. ಜಾರುವ ನೆಲದಲ್ಲಿ ಯಾವ ಜಿಂಕೆಯಾದರೂ ಗೊರಸು ಬಿರಿಯುತ್ತದೆ. ಅದು ಹಿಡಿತಕ್ಕಾಗಿ.

ಹಿಂಗೊರಸಿನಿಂದ ನಿಜವಾಗಿ ಉಪಯೋಗವಾಗುವುದು ಬೇರೆ ಕೆಲಸಕ್ಕೆ: ಮುಂಗಾಲು ಯಾವುದು, ಹಿಂಗಾಲು ಯಾವುದು ಎಂದು ಬಿಡಿಸಲು. ಮುಂಗಾಲಿನಲ್ಲಿ ಅವು ಗೊರಸಿಗೆ ಹತ್ತಿರವಾಗಿ, ಹೊರಕ್ಕೆ ತಿರುಗಿ ಮೂಡುತ್ತವೆ. ಹಿಂಗಾಲಿನಲ್ಲಿ ಇನ್ನಷ್ಟು ಹಿಂದೆ, ನಡಿಗೆಯ ದಿಕ್ಕಿಗೆ ಹೆಚ್ಚು ನೇರವಾಗಿ ಮೂಡುತ್ತವೆ. ಮುಂದೆ ಬರುವ ಅಳತೆಗಳೆಲ್ಲ ಈ ವಿಂಗಡಣೆಯ ಮೇಲೆ ನಿಂತಿವೆ.

ಮೊದಲು ಜಾತಿ, ಆಮೇಲೆ ಲಿಂಗ

ದೊಡ್ಡ ಹೆಜ್ಜೆ ಎಂದರೆ ಗಂಡು ಎನ್ನುವ ಮುನ್ನ ಅದು ಯಾವ ಜಾತಿಯದು ಎಂಬುದು ಖಚಿತವಾಗಬೇಕು. ಕಡವೆಯ ಹೆಣ್ಣಿನ ಹೆಜ್ಜೆ ಚುಕ್ಕೆ ಜಿಂಕೆಯ ಬಲಿತ ಗಂಡಿನ ಹೆಜ್ಜೆಗಿಂತ ದೊಡ್ಡದು. ಚುಕ್ಕೆ ಜಿಂಕೆಯ ಮುಂಗಾಲಿನ ಗೊರಸು ಸುಮಾರು 4ರಿಂದ 6 ಸೆಂ.ಮೀ. ಉದ್ದ. ಹಿಂಗಾಲಿನದು ಅದಕ್ಕಿಂತ ಸ್ವಲ್ಪ ಚಿಕ್ಕದು. ಬೆಳೆದ ಪ್ರಾಣಿಗಳ ವ್ಯತ್ಯಾಸವೇ ಎರಡು ಸೆಂಟಿಮೀಟರಿನೊಳಗೆ ಮುಗಿಯುತ್ತದೆ, ಅದರೊಳಗೇ ಗಂಡೂ ಇದೆ, ಹೆಣ್ಣೂ ಇದೆ. ಅರ್ಧ ಸೆಂ.ಮೀ. ತಪ್ಪಾಗಿ ಅಳೆದರೆ ತೀರ್ಮಾನವೇ ತಲೆಕೆಳಗು. ಯುರೋಪಿನ ಕೆಂಪು ಜಿಂಕೆಯಲ್ಲಿ ಅಂತರ ದೊಡ್ಡದು: ಬಲಿತ ಗಂಡಿನ ಹೆಜ್ಜೆ ಸುಮಾರು 8–9 ಸೆಂ.ಮೀ. ಉದ್ದ, 6–7 ಸೆಂ.ಮೀ. ಅಗಲ, ಹೆಣ್ಣಿನದು ಸುಮಾರು 6–7 ಸೆಂ.ಮೀ. ಉದ್ದ, 5 ಸೆಂ.ಮೀ. ಆಸುಪಾಸಿನ ಅಗಲ. ಹೆಜ್ಜೆ ನೋಡಿ ಗಂಡನ್ನು ಗುರುತಿಸುವ ವಿದ್ಯೆ ಮಧ್ಯಯುಗದ ಯುರೋಪಿನಲ್ಲಿ ಅಷ್ಟು ಬೆಳೆಯಲು ಈ ಪ್ರಾಣಿಯ ಮೈಕಟ್ಟೂ ಒಂದು ಕಾರಣ. ಅಲ್ಲಿ ಕಲಿತ ಲಕ್ಷಣಗಳನ್ನು ಎಲ್ಲ ಜಿಂಕೆಗಳಿಗೂ ಅನ್ವಯಿಸುವುದರಲ್ಲೇ ಎಡವಟ್ಟಾಗುವುದು.

ಕಾಡುಕುರಿ ಎಂದು ಕರೆಯುವ ಬೊಗಳುವ ಜಿಂಕೆಯಲ್ಲಿ ಗಂಡು-ಹೆಣ್ಣಿನ ಗಾತ್ರ ಹೆಚ್ಚುಕಡಿಮೆ ಒಂದೇ, ಯುರೋಪಿನ ರೋ ಜಿಂಕೆಯಲ್ಲೂ ಅಂತರ ಅಲ್ಪ. ಇವುಗಳಲ್ಲಿ ಗೊರಸಿನ ಗಾತ್ರದಿಂದ ಲಿಂಗ ಹೇಳಲು ಹೋಗಬಾರದು. ಚುಕ್ಕೆ ಜಿಂಕೆಯಲ್ಲಿ ಗಂಡು 70–90 ಕೆ.ಜಿ., ಹೆಣ್ಣು 40–60 ಕೆ.ಜಿ. ತೂಗುವುದರಿಂದ ಸ್ವಲ್ಪ ಆಸೆ ಇದೆ. ಕಡವೆಯಲ್ಲಿ ಇನ್ನೂ ಹೆಚ್ಚು.

ಸಾಕುಪ್ರಾಣಿಗಳನ್ನೂ ಮರೆಯುವಂತಿಲ್ಲ. ಆಡು, ಕುರಿಯ ಗೊರಸಿನ ತುದಿ ಮೊಂಡಾಗಿರುತ್ತದೆ. ಹಂದಿಯ ಹಿಂಗೊರಸುಗಳು ಗೊರಸಿಗಿಂತ ಅಗಲಕ್ಕೆ, ಹೊರಚಾಚಿ ಮೂಡುತ್ತವೆ. ಜಿಂಕೆಯದು ಮುಂದಕ್ಕೆ ಚೂಪಾದ ಹೃದಯದ ಆಕಾರ.

ಗೊರಸಿಗಿಂತ ನಡಿಗೆ

ಜಿಂಕೆಯ ಮೈಭಾರದಲ್ಲಿ ಹೆಚ್ಚು ಪಾಲು ಮುಂಗಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಮುಂಗಾಲಿನ ಗೊರಸು ದೊಡ್ಡದು, ಅಗಲ. ಬಲಿತ ಗಂಡಿನ ಎದೆ ಅಗಲವಾಗುತ್ತದೆ, ಬೆದೆಗಾಲಕ್ಕೆ ಕತ್ತು ದಪ್ಪವಾಗುತ್ತದೆ, ಮೇಲೆ ಕೊಂಬಿನ ಭಾರ. ಹೀಗಾಗಿ ಗಂಡಿನಲ್ಲಿ ಮುಂಗಾಲು-ಹಿಂಗಾಲುಗಳ ಹೆಜ್ಜೆಯ ವ್ಯತ್ಯಾಸ ಎದ್ದು ಕಾಣುತ್ತದೆ. ಬರೀ ಉದ್ದಕ್ಕಿಂತ, ಮುಂಗಾಲಿನ ಅಗಲವನ್ನು ಹಿಂಗಾಲಿನ ಅಗಲಕ್ಕೆ ಹೋಲಿಸುವುದು ಒಳ್ಳೆಯ ಸೂಚಕ. ಒಂದೇ ಪ್ರಾಣಿಯ ಎರಡು ಕಾಲುಗಳನ್ನು ಒಂದೇ ನೆಲದಲ್ಲಿ ಹೋಲಿಸುವುದರಿಂದ ಮಣ್ಣಿನ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಎರಡನೆಯದು ಜಾಡಿನ ಅಗಲ. ನಡುವೆ ಒಂದು ನೇರ ಗೆರೆ ಎಳೆದರೆ ಎಡ, ಬಲ ಹೆಜ್ಜೆಗಳು ಅದರಿಂದ ಎಷ್ಟು ದೂರ ಬೀಳುತ್ತವೆ? ಎದೆ ಅಗಲವಾದ ಗಂಡಿನದು ಹೆಚ್ಚು ದೂರ, ಹೆಜ್ಜೆಯ ಮೂತಿ ಹೊರಕ್ಕೆ ತಿರುಗಿರುವುದೂ ಹೆಚ್ಚು. ಹೆಣ್ಣಿನ ಹಿಂಭಾಗ ಎದೆಗಿಂತ ಅಗಲ ಎನ್ನುವ ಲೆಕ್ಕದಲ್ಲಿ, ಹೆಣ್ಣಿನ ಹಿಂಗಾಲು ಮುಂಗಾಲಿನ ಗುರುತಿನ ಹೊರ ಅಂಚಿಗೂ, ಗಂಡಿನ ಹಿಂಗಾಲು ಒಳ ಅಂಚಿಗೂ ಬೀಳುತ್ತದೆ ಎಂಬುದು ಜಾಡು ಹಿಡಿಯುವವರ ಹಳೆಯ ನಿಯಮ. ಬಲಿತ ಪ್ರಾಣಿ ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆದಾಗ ಇದು ಉಪಯುಕ್ತ. ತಿರುವಿನಲ್ಲಿ, ಇಳಿಜಾರಿನಲ್ಲಿ, ಮೇಯುತ್ತಾ ಅತ್ತಿತ್ತ ವಾಲಿದಾಗ ಈ ನಿಯಮ ಕೈಕೊಡುತ್ತದೆ.

ಮೂರನೆಯದಕ್ಕೆ ನನ್ನ ದೃಷ್ಟಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬೆಲೆ ಇದೆ. ಜಿಂಕೆ ನಡೆಯುವಾಗ ಹಿಂಗಾಲು ಅದೇ ಬದಿಯ ಮುಂಗಾಲು ಬಿಟ್ಟ ಜಾಗಕ್ಕೆ ಬಂದು ಬೀಳುತ್ತದೆ. ಚುರುಕಾದ ಎಳೆಯ ಪ್ರಾಣಿಯಲ್ಲಿ ಅದು ಮುಂಗಾಲಿನ ಗುರುತನ್ನೂ ದಾಟಿ ಮುಂದೆ ಬೀಳಬಹುದು. ಮೈ ತುಂಬಿದ ಬಲಿತ ಗಂಡಿನ ಹಿಂಗಾಲು ಹಿಂದೆಯೇ ಉಳಿಯುತ್ತದೆ. ಹತ್ತಾರು ಹೆಜ್ಜೆಗಳಲ್ಲಿ ಮತ್ತೆ ಮತ್ತೆ ಹಿಂದುಳಿದಿದ್ದರೆ ಅದು ಭಾರದ ಪ್ರಾಣಿ. ತುಂಬು ಗರ್ಭದ ಹೆಣ್ಣೂ ಹೀಗೇ ನಡೆಯುತ್ತದೆ, ಆದ್ದರಿಂದ ಆ ಜಾತಿಯ ಮರಿ ಹಾಕುವ ಕಾಲ ಯಾವುದೆಂದು ತಿಳಿದಿರಬೇಕು. ಕುಂಟುವ ಪ್ರಾಣಿಯಲ್ಲಿ ಒಂದು ಬದಿ ಮಾತ್ರ ಹೀಗಾಗುತ್ತದೆ. ಎರಡೂ ಬದಿ ನೋಡಿದರೆ ಆ ಗೊಂದಲ ಉಳಿಯುವುದಿಲ್ಲ.

ಇಲ್ಲೇ ಒಂದು ದೊಡ್ಡ ಬಲೆ ಇದೆ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಪೂರ್ತಿ ಕೂರದೆ ಅರ್ಧ ಕೂತಾಗ ಎರಡೂ ಸೇರಿ ಒಂದೇ ಉದ್ದನೆಯ ಹೆಜ್ಜೆಯಂತೆ ಕಾಣುತ್ತದೆ. 5 ಸೆಂ.ಮೀ. ಗೊರಸು 7 ಸೆಂ.ಮೀ. ಆಗುತ್ತದೆ, ನೋಡಿದವರು "ಭಾರಿ ಗಂಡು" ಎನ್ನುತ್ತಾರೆ. ಬಗ್ಗಿ ಹತ್ತಿರದಿಂದ ನೋಡಿ: ಹೆಜ್ಜೆಯ ತಳದಲ್ಲಿ ಅಡ್ಡಕ್ಕೆ ಒಂದು ಸಣ್ಣ ಮೆಟ್ಟಿಲು, ಒಂದರ ಮೇಲೊಂದು ಕೂತ ಎರಡು ಮೂತಿಯ ಗೆರೆಗಳು, ಅಂಚಿನಲ್ಲಿ ಎರಡು ಬಾರಿ ಒತ್ತಿಕೊಂಡ ಮಣ್ಣು. ಇವುಗಳಲ್ಲಿ ಒಂದು ಕಂಡರೂ ಅದು ಜೋಡಿ ಗುರುತು, ಅಳತೆಯಿಂದ ಕೈಬಿಡಬೇಕು.

ಕಾಲೆಳೆದ ಗೆರೆಯ ಮಾತೂ ಇದೆ. ಹಗುರ ಹಿಮದಲ್ಲಿ, ಅಂದರೆ ಎರಡು ಮೂರು ಸೆಂ.ಮೀ. ಆಳದವರೆಗೆ, ಹೆಣ್ಣು ಕಾಲೆತ್ತಿ ಇಡುತ್ತದೆ, ಬಲಿತ ಗಂಡು ಗೊರಸಿನ ಮೂತಿಯನ್ನು ಎಳೆದುಕೊಂಡು ಹೋಗುತ್ತದೆ ಎನ್ನುತ್ತಾರೆ. ಆಳ ಹೆಚ್ಚಾದರೆ ಎಲ್ಲ ಜಿಂಕೆಗಳೂ ಎಳೆಯುತ್ತವೆ, ಆಗ ಗೆರೆಗೆ ಬೆಲೆಯಿಲ್ಲ. ದಣಿದ ಪ್ರಾಣಿಯೂ ಎಳೆಯುತ್ತದೆ. ಗೊರಸಿನ ತುದಿ ಮೊಂಡಾಗಿದ್ದರೆ ಹಳೆಯ ಗಂಡು ಎಂಬ ಮಾತಂತೂ ಬಂಡೆ ನೆಲದಲ್ಲಿ ಪೂರ್ತಿ ಸುಳ್ಳು. ಅಲ್ಲಿ ಎಲ್ಲರ ಗೊರಸೂ ಸವೆದಿರುತ್ತದೆ.

ಜಾಡಿನ ಪಕ್ಕದಲ್ಲಿ ಸಿಗುವ ಸಾಕ್ಷಿ

ಗೊರಸಿನ ಲಕ್ಷಣಗಳೆಲ್ಲ ಹೆಚ್ಚು ಕಡಿಮೆಯ ಮಾತು. ದೇಹರಚನೆಯಲ್ಲೇ ಗಂಡು-ಹೆಣ್ಣಿಗೆ ಇರುವ ವ್ಯತ್ಯಾಸ ನೆಲದ ಮೇಲೆ ಬೀಳುವುದು ಉಚ್ಚೆಯಲ್ಲಿ. ಗಂಡಿನ ಮೂತ್ರದ್ವಾರ ಹೊಟ್ಟೆಯ ಕೆಳಗೆ, ಹೆಣ್ಣಿನದು ಬಾಲದ ಕೆಳಗೆ. ನಿಂತು ಉಚ್ಚೆ ಹೊಯ್ದಾಗ ಗಂಡಿನದು ಹಿಂಗಾಲಿನ ಗುರುತುಗಳಿಗಿಂತ ಮುಂದೆ, ನಾಲ್ಕು ಕಾಲುಗಳ ನಡುವೆ ಬೀಳುತ್ತದೆ. ಹೆಣ್ಣು ಹಿಂಗಾಲುಗಳನ್ನು ಅಗಲಿಸಿ ತುಸು ಕುಕ್ಕರಿಸುತ್ತದೆ, ಉಚ್ಚೆ ಆ ಎರಡು ಗುರುತುಗಳ ನಡುವೆ ಅಥವಾ ಹಿಂದೆ ಒಂದೇ ಕಡೆ ಬೀಳುತ್ತದೆ. ಹಿಮದಲ್ಲಿ ಇದು ಹಳದಿಯಾಗಿ ಸ್ಪಷ್ಟ. ದೂಳು ಮಣ್ಣಿನಲ್ಲಿ ಕೆಲವು ಗಂಟೆ ಕಾಣುತ್ತದೆ. ಯಾವುದು ಹಿಂಗಾಲು ಎಂದು ಮೊದಲೇ ಬಿಡಿಸಿಕೊಂಡಿರದಿದ್ದರೆ ಈ ಸಾಕ್ಷಿಯೂ ವ್ಯರ್ಥ.

ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ಒಂದು ಅಪವಾದ ಇದೆ. ಹಿಂಗಾಲಿನ ಕಣಕಾಲಿನ ಕೀಲಿನ ಬಳಿ ಒಳಬದಿಯಲ್ಲಿರುವ ವಾಸನೆಯ ಗ್ರಂಥಿಗಳ ಮೇಲೆ ಹರಿಯುವಂತೆ ಅವು ಹಿಂಗಾಲುಗಳನ್ನು ಒತ್ತಿ ಹಿಡಿದು ಉಚ್ಚೆ ಹೊಯ್ಯುತ್ತವೆ. ಆಗ ಉಚ್ಚೆ ಒತ್ತೊತ್ತಾಗಿ ಬಿದ್ದ ಹಿಂಗಾಲಿನ ಗುರುತುಗಳ ಮೇಲೇ ಇರುತ್ತದೆ. ಬೆದೆಗಾಲದಲ್ಲಿ ಬಲಿತ ಗಂಡುಗಳು ಇದನ್ನು ಬಹಳ ಮಾಡುತ್ತವೆ, ಆದರೆ ಹೆಣ್ಣುಗಳೂ ಮಾಡುವುದುಂಟು.

ಮರದ ಕಾಂಡದಲ್ಲಿ ಕೊಂಬು ಉಜ್ಜಿ ಸುಲಿದ ಗುರುತು ಗಂಡಿನದೇ. ಹೆಣ್ಣಿಗೂ ಕೊಂಬಿರುವ ಹಿಮಸಾರಂಗದಲ್ಲಿ ಮಾತ್ರ ಹಾಗೆ ಹೇಳಲಾಗದು. ಆದರೆ ಗುರುತು ಮೂಡಿದ ದಿನ ಮತ್ತು ಜಾಡು ಬಿದ್ದ ದಿನ ಒಂದೇ ಎಂಬುದಕ್ಕೆ ಸಾಕ್ಷಿ ಬೇಕು: ಹಸಿ ತೊಗಟೆ, ಬುಡದಲ್ಲಿ ಒಣಗದ ಸಿಪ್ಪೆ, ಅದರತ್ತ ಮುಖ ಮಾಡಿ ನಿಂತ ಅದೇ ಹೆಜ್ಜೆಗಳು. ಕೆಲವೊಮ್ಮೆ ಜಾಡೇ ಕೊಂಬಿನ ಸುಳಿವು ಕೊಡುತ್ತದೆ. ಇತರ ಜಿಂಕೆಗಳು ನುಸುಳಿದ ಕಿರಿದಾದ ಪೊದೆಯ ಕಿಂಡಿಯನ್ನು ಒಂದು ಜಾಡು ಮಾತ್ರ ಬಳಸಿಕೊಂಡು ಹೋಗಿದ್ದರೆ, ಮತ್ತು ಇದು ಒಂದೇ ಕಡೆಯಲ್ಲದೆ ಹಲವು ಕಡೆ ಕಂಡರೆ, ತಲೆಯ ಮೇಲೆ ಅಗಲವಾದದ್ದೇನೋ ಇತ್ತು ಎಂದು ಊಹಿಸಬಹುದು. ಕೊಂಬು ಉದುರಿದ ತಿಂಗಳುಗಳಲ್ಲಿ ಈ ಊಹೆಗೆ ಎಡೆಯಿಲ್ಲ.

ಹೆಣ್ಣಿನ ಪರವಾದ ಗಟ್ಟಿ ಸಾಕ್ಷಿ ಮರಿ. ದೊಡ್ಡ ಹೆಜ್ಜೆಯ ಜೊತೆಗೆ ಒಂದೋ ಎರಡೋ ಪುಟ್ಟ ಹೆಜ್ಜೆಗಳು, ಅಷ್ಟೇ ತಾಜಾ, ಅಗಲಿ ಮತ್ತೆ ಕೂಡುತ್ತಾ ದೂರದವರೆಗೆ ಸಾಗಿದ್ದರೆ ಅದು ತಾಯಿ ಎನ್ನಲು ಹಿಂಜರಿಯಬೇಕಿಲ್ಲ. ಚುಕ್ಕೆ ಜಿಂಕೆಯಂತೆ ಗಂಡು-ಹೆಣ್ಣು ಕಲೆತ ಹಿಂಡಿನಲ್ಲಿ ಇರುವ ಜಾತಿಗಳಲ್ಲಿ ಮಾತ್ರ, ಹಿಂಡಿನಿಂದ ಬೇರೆಯಾಗಿ ಹೋದ ಜೋಡಿಗೇ ಇದನ್ನು ಅನ್ವಯಿಸಬೇಕು.

ಹಿಕ್ಕೆಯ ಆಕಾರದಿಂದ ಲಿಂಗ ಹೇಳುವವರನ್ನು ನಂಬಬೇಡಿ. ಬಿಡಿಬಿಡಿ ಗುಂಡುಗಳೋ, ಅಂಟಿದ ಮುದ್ದೆಯೋ ಎಂಬುದು ಮುಖ್ಯವಾಗಿ ಮೇವಿನ ಮೇಲೆ ನಿಂತಿದೆ.

ಲೆಕ್ಕ ಏನು ಹೇಳುತ್ತದೆ?

ಲೆಕ್ಕಕ್ಕೆಂದು 100 ಜಿಂಕೆಗಳ ಒಂದು ಕಾಲ್ಪನಿಕ ಹಿಂಡು ಇಟ್ಟುಕೊಳ್ಳೋಣ: ಬಲಿತ ಗಂಡು 15, ಉಳಿದ 85 ಹೆಣ್ಣು ಮತ್ತು ಎಳೆಯವು. ನಿಮ್ಮ ಬಳಿ ಇರುವ ಒಂದು ಲಕ್ಷಣ ಬಲಿತ ಗಂಡುಗಳಲ್ಲಿ ನೂರಕ್ಕೆ 80ನ್ನು ಸರಿಯಾಗಿ ಹಿಡಿಯುತ್ತದೆ, ಉಳಿದವುಗಳಲ್ಲಿ ನೂರಕ್ಕೆ 15ನ್ನು ಮಾತ್ರ ತಪ್ಪಾಗಿ ಗಂಡು ಎನ್ನುತ್ತದೆ ಎನ್ನಿ. ಕೇಳಲು ಬಹಳ ಚೆನ್ನಾಗಿದೆ. 15 ಗಂಡುಗಳಲ್ಲಿ 12 ಸಿಕ್ಕವು. 85ರಲ್ಲಿ ಸುಮಾರು 13 ತಪ್ಪಾಗಿ ಸೇರಿಕೊಂಡವು. ಅಂದರೆ "ಗಂಡು" ಎಂದು ಬರೆದುಕೊಂಡ 25ರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಲ್ಲ. ಲಕ್ಷಣ ಕೆಟ್ಟದ್ದಲ್ಲ, ಬಲಿತ ಗಂಡುಗಳ ಸಂಖ್ಯೆಯೇ ಕಡಿಮೆ.

ಅಷ್ಟೇ ಸಮರ್ಥವಾದ ಎರಡನೆಯ ಲಕ್ಷಣವನ್ನೂ ಕೂಡಿಸಿ, ಎರಡೂ ಹೌದೆಂದವನ್ನು ಮಾತ್ರ ಗಂಡು ಎಂದರೆ? ಸುಮಾರು 10 ಗಂಡು ಉಳಿಯುತ್ತವೆ, ತಪ್ಪು 2ಕ್ಕೆ ಇಳಿಯುತ್ತದೆ. ಆದರೆ ಎರಡನೆಯ ಲಕ್ಷಣ ಮೊದಲಿನದರ ನೆರಳಾಗಿರಬಾರದು. ಹೆಜ್ಜೆಯ ಆಳ, ಹಿಂಗೊರಸಿನ ಚುಕ್ಕೆ, ಬಿರಿದ ಗೊರಸು ಈ ಮೂರೂ ಹೇಳುವುದು ಒಂದೇ ಮಾತನ್ನು: ನೆಲ ಮೆತ್ತಗಿತ್ತು ಅಥವಾ ಪ್ರಾಣಿ ಭಾರವಿತ್ತು. ಮೂರೂ ಕೂಡಿ ಬಂದವೆಂದು ಮೂರು ಸಾಕ್ಷಿ ಎಣಿಸಿದರೆ ಒಬ್ಬನೇ ಸಾಕ್ಷಿಯನ್ನು ಮೂರು ಸಲ ಕರೆಸಿದಂತೆ. ಮುಂಗಾಲು-ಹಿಂಗಾಲಿನ ಅಗಲದ ವ್ಯತ್ಯಾಸ, ಉಚ್ಚೆ ಬಿದ್ದ ಜಾಗ, ಕೊಂಬಿನ ಗುರುತು ಇವು ನಿಜಕ್ಕೂ ಬೇರೆ ಬೇರೆ ಸಾಕ್ಷಿಗಳು.

ಹೆಜ್ಜೆಯನ್ನು ಅತಿಯಾಗಿ ನಂಬಿದ್ದರ ಫಲ ಹುಲಿ ಗಣತಿಯಲ್ಲಿ ಕಂಡಾಗಿದೆ. ಭಾರತದಲ್ಲಿ 1972ರಿಂದ ಹುಲಿಗಳನ್ನು ಪಾದದ ಗುರುತಿನಿಂದಲೇ ಎಣಿಸುತ್ತಿದ್ದರು. ಹಿಂಗಾಲಿನ ಗುರುತು ಚೌಕಕ್ಕೆ ಹೊಂದಿದರೆ ಗಂಡು, ಆಯತಕ್ಕೆ ಹೊಂದಿದರೆ ಹೆಣ್ಣು ಎಂಬುದು ಅದರ ಲಿಂಗಸೂತ್ರ. ಕಾಗದದ ಮೇಲೆ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಒಂದೂ ಉಳಿದಿಲ್ಲ ಎಂಬುದು 2004–05ರಲ್ಲಿ ಬಯಲಾಯಿತು. 2006ರ ಗಣತಿಯಿಂದ ಕ್ಯಾಮೆರಾ ಟ್ರ್ಯಾಪ್ ಮತ್ತು ಸಂಖ್ಯಾಶಾಸ್ತ್ರದ ವಿಧಾನಗಳು ಬಂದವು. ಹುಲಿಯ ಪಾದದ ಗುರುತಿನಲ್ಲಿ ನಾಲ್ಕು ಬೆರಳು, ಮೆತ್ತೆ ಎಂದು ಅಳೆಯಲು ಹಲವು ಅಂಶಗಳಾದರೂ ಇವೆ. ಜಿಂಕೆಯ ಗೊರಸಿನಲ್ಲಿ ಅಷ್ಟೂ ಇಲ್ಲ.

ಅಳೆಯುವುದಾದರೆ ಹೀಗೆ

ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ನಡು ಹಗಲಲ್ಲಿ ನೆರಳಿಲ್ಲದೆ ಅಂಚು ಕಾಣುವುದಿಲ್ಲ. ಸಮತಟ್ಟಾದ, ಒಂದೇ ಬಗೆಯ ನೆಲದಲ್ಲಿ 20–30 ಮೀಟರ್ ಜಾಡು ಆರಿಸಿಕೊಳ್ಳಿ, ಓಟದ ಭಾಗ ಬಿಡಿ. ಮುಂಗಾಲಿನ ಹತ್ತು, ಹಿಂಗಾಲಿನ ಹತ್ತು ಸ್ವಚ್ಛ ಗುರುತುಗಳು ಬೇಕು. ಉದ್ದ ಎಂದರೆ ಗೊರಸಿನ ಮೂತಿಯಿಂದ ಹಿಮ್ಮಡಿಯ ಅಂಚಿನವರೆಗೆ. ಹಿಂಗೊರಸು ಸೇರಿಸಬಾರದು. ಅಗಲ ಎಂದರೆ ಅತಿ ಅಗಲದ ಕಡೆ.

ಅಳತೆ ಹೆಜ್ಜೆಯ ತಳದ್ದು, ಬಾಯಿಯದ್ದಲ್ಲ. ಆಳವಾಗಿ ಹೂತ ಗುರುತಿನ ಗೋಡೆಗಳು ಹೊರಕ್ಕೆ ವಾಲಿರುತ್ತವೆ, ಮೇಲಿನ ಅಂಚಿನಲ್ಲಿ ಅಳೆದರೆ ಗೊರಸಿಗಿಂತ ದೊಡ್ಡ ಸಂಖ್ಯೆ ಬರುತ್ತದೆ. ಮೆತ್ತನೆ ನೆಲದ ಹೆಣ್ಣುಗಳು ಗಂಡಾಗುವುದು ಬಹುಪಾಲು ಇಲ್ಲೇ. ಕರಗುವ ಹಿಮದಲ್ಲಿ ಗುರುತು ಹಿಗ್ಗುತ್ತದೆ, ಒಣಗುವ ಜೇಡಿಯಲ್ಲಿ ಕುಗ್ಗಿ ಬಿರಿಯುತ್ತದೆ, ಒಣ ಮರಳಿನಲ್ಲಿ ಅಂಚು ಕುಸಿದು ಆಕಾರವೇ ಹೋಗುತ್ತದೆ. ಫೋಟೊ ತೆಗೆಯುವಾಗ ಕ್ಯಾಮೆರಾ ನೇರ ಮೇಲಿರಲಿ, ಸ್ಕೇಲನ್ನು ಹೆಜ್ಜೆಯ ತಳದ ಮಟ್ಟಕ್ಕೇ ಇಡಿ. ಓರೆಯಾಗಿ ತೆಗೆದ ಚಿತ್ರದಲ್ಲಿ ಉದ್ದ-ಅಗಲದ ಅನುಪಾತವೇ ಬದಲಾಗುತ್ತದೆ. ಆ್ಯಪ್‌ಗಳಿಗೆ ಹೋಗುವ ಚಿತ್ರಗಳಲ್ಲಿ ಬಹಳಷ್ಟು ಇಂಥವೇ. ಹತ್ತು ಅಳತೆಗಳ ಸರಾಸರಿಗಿಂತ, ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳುವುದು ಮೇಲು. ಒಂದು ಕೆಟ್ಟ ಗುರುತು ಅದನ್ನು ಕೆಡಿಸುವುದಿಲ್ಲ.

ಎಲ್ಲಿಂದಲೋ ತಂದ ಅಳತೆಯ ಕೋಷ್ಟಕಕ್ಕಿಂತ ಆ ಜಾಗದ್ದೇ ಕೋಷ್ಟಕ ಉತ್ತಮ. ಕಣ್ಣೆದುರೇ ದಾಟಿದ ಗಂಡು ಅಥವಾ ಹೆಣ್ಣು ಮರೆಯಾದ ಮೇಲೆ ಹೋಗಿ ಅದರ ಜಾಡನ್ನು ಅಳೆದು, ಲಿಂಗ, ಅಂದಾಜು ವಯಸ್ಸು, ನೆಲದ ಬಗೆ ಬರೆದಿಡಿ. ಇಂಥ ಹತ್ತಿಪ್ಪತ್ತು ದಾಖಲೆಗಳಾದರೆ ಎರಡೂ ಲಿಂಗಗಳ ಅಳತೆಗಳು ಎಲ್ಲಿ ಒಂದರೊಳಗೊಂದು ಸೇರಿಹೋಗುತ್ತವೆ ಎಂಬುದು ಕಾಣತೊಡಗುತ್ತದೆ. ಆ ನಡುವಿನ ಪಟ್ಟಿಯಲ್ಲಿ ಬಿದ್ದ ಜಾಡಿಗೆ ಟಿಪ್ಪಣಿ ಪುಸ್ತಕದಲ್ಲಿ "ಹೇಳಲಾಗದು" ಎಂಬ ಮೂರನೆಯ ಕಾಲಂ ಇರಲೇಬೇಕು. ಆ ಕಾಲಂ ಖಾಲಿ ಇರುವ ಪುಸ್ತಕವನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಉತ್ತರ ಖಚಿತವಾಗಿ ಬೇಕೇ ಬೇಕೆಂದರೆ ಜಾಡಿನಲ್ಲಿ ಬಿದ್ದ ತಾಜಾ ಹಿಕ್ಕೆಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಹಿಕ್ಕೆಯ ಮೇಲ್ಮೈಗೆ ಕರುಳಿನ ಜೀವಕೋಶಗಳು ಅಂಟಿರುತ್ತವೆ. ಅವುಗಳ ಡಿಎನ್‌ಎಯಲ್ಲಿ ಎಕ್ಸ್ ಮತ್ತು ವೈ ವರ್ಣತಂತುಗಳೆರಡರಲ್ಲೂ ಬೇರೆ ಬೇರೆ ಉದ್ದದಲ್ಲಿ ಇರುವ ಅಮೆಲೊಜೆನಿನ್ ಎಂಬ ಜೀನನ್ನು ನೋಡುತ್ತಾರೆ: ಎರಡು ಉದ್ದ ಕಂಡರೆ ಗಂಡು, ಒಂದೇ ಕಂಡರೆ ಹೆಣ್ಣು. ಹಿಕ್ಕೆ ಹಳೆಯದಾಗಿ ಡಿಎನ್‌ಎ ಹಾಳಾಗಿದ್ದರೆ ವೈ ಭಾಗ ಸಿಗದೆ ಗಂಡೂ ಹೆಣ್ಣಾಗಿ ಕಾಣಬಹುದು, ಅದಕ್ಕೇ ಒಂದೇ ಮಾದರಿಯನ್ನು ಹಲವು ಬಾರಿ ಪರೀಕ್ಷಿಸುತ್ತಾರೆ. ಎತ್ತುವಾಗ ಬರಿಗೈ ತಾಗಿಸಬೇಡಿ, ಮೇಲ್ಮೈ ಉಜ್ಜಬೇಡಿ. ಎಥನಾಲಿನಲ್ಲಿ ಮುಳುಗಿಸಿ, ಇಲ್ಲವೇ ಕಾಗದದ ಲಕೋಟೆಗೆ ಹಾಕಿ ಸಿಲಿಕಾ ಹರಳುಗಳ ಜೊತೆ ಬೇಗ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವಕ್ಕೆ ಬೂಷ್ಟು ಹಿಡಿದು ಮಾದರಿ ಕೆಡುತ್ತದೆ. ಯಾವ ಹಿಕ್ಕೆ ಯಾವ ಜಾಡಿನದು ಎಂಬುದನ್ನು ಲಕೋಟೆಯ ಮೇಲೆ ಅಲ್ಲೇ ನಿಂತು ಬರೆಯಿರಿ.